ಮಿಷನ್ ಸ್ಟೇಟ್‌ಮೆಂಟಿಗೆ ಕೂರುವ ಮೊದಲು ಡೈರಿ ತೆಗೆಯಿರಿ

ಕಾಲೇಜಿನ ಕೆಲಸಕ್ಕೆ ಸೇರಿದ ವರ್ಷ ನಾನೂ ಒಂದು ಮಿಷನ್ ಸ್ಟೇಟ್‌ಮೆಂಟ್, ಅಂದರೆ ನನ್ನ ಕೆಲಸದ ಗುರಿ ಹೇಳುವ ಸಾಲು, ಬರೆದಿದ್ದೆ. ‘ಬೋಧನೆ ಮತ್ತು ಸಂಶೋಧನೆಯಲ್ಲಿ ಉತ್ಕೃಷ್ಟತೆ ಸಾಧಿಸಿ ಸಮಾಜಕ್ಕೆ ಕೊಡುಗೆ ನೀಡುವುದು.’ ಕೆಳಗೆ ಪಕ್ಕದ ವಿಭಾಗದವರ ಹೆಸರು ಹಾಕಿದರೂ ನಡೆಯುತ್ತಿತ್ತು. ಫೈಲಿಗೆ ಸೇರಿಸಿದೆ, ಮರೆತೆ.

ನನ್ನದು ಪ್ರಾಣಿಶಾಸ್ತ್ರ. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಯಲ್ಲಿ ಮರುವಾಯಿ, ಅಂದರೆ ಕೆಸರಿನಲ್ಲಿ ಬದುಕುವ ಚಿಪ್ಪುಜೀವಿ, ಎಣಿಸುತ್ತೇನೆ. ಒಂದು ದಿನ ಮಂಗಳೂರಿನ ಬೆಂಗ್ರೆ ಕಡೆ ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ಚೌಕಟ್ಟು ಇಟ್ಟು, ಅದರೊಳಗಿನ ಕೆಸರು ಬಗೆದು ಜರಡಿ ಹಿಡಿಯುತ್ತಿದ್ದೆ. ಪಕ್ಕದಲ್ಲಿ ಮರುವಾಯಿ ಹೆಕ್ಕುತ್ತಿದ್ದ ಅಕ್ಕ ಕೇಳಿದರು: “ಟೀಚರೇ, ಎಣಿಸಿ ಮತ್ತೆ ನೀರಿಗೇ ಹಾಕ್ತೀರಲ್ಲ, ಇದರಿಂದ ಯಾರಿಗೆ ಎಂತ ಉಂಟು?”

ನಾನು ನಕ್ಕು ಸುಮ್ಮನಾದೆ. ಸ್ಟೇಟ್‌ಮೆಂಟ್ ಮತ್ತೆ ಬರೆಯಲು ಕೂತದ್ದು ಅದೇ ರಾತ್ರಿ.

ನೀವೂ ಬರೆಯುವುದಾದರೆ ಖಾಲಿ ಹಾಳೆಯಿಂದ ಶುರು ಮಾಡಬೇಡಿ. ಕಳೆದ ಮೂರು ತಿಂಗಳ ಡೈರಿ ತೆಗೆಯಿರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 40 ಗಂಟೆ ಕೆಲಸ, ಅದರಲ್ಲಿ ಪಾಠ 16 ಗಂಟೆ. ಉಳಿದ 24 ಗಂಟೆ ಎಲ್ಲಿ ಹೋಯಿತು ಅಂತ ಬರೆಯಿರಿ. ನನ್ನದು ಜಾಸ್ತಿ ಹೋದದ್ದು ನ್ಯಾಕ್ (ಕಾಲೇಜಿನ ಗುಣಮಟ್ಟ ಅಳೆಯುವ ಸಂಸ್ಥೆ) ಫೈಲುಗಳಿಗೆ ಮತ್ತು ಕಾರ್ಯಕ್ರಮಗಳ ನಿರೂಪಣೆಗೆ. “ಮೇಡಂ, ನಿಮ್ಮ ಕನ್ನಡ ಚೆನ್ನಾಗಿದೆ” ಅಂದರೆ ಸಾಕು, ನಾನು ಮೈಕ್ ಹಿಡಿದಾಯಿತು! ಡೈರಿಯ ಪ್ರಕಾರ ನನ್ನ ಮಿಷನ್ ಅದೇ ಆಗಿತ್ತು.

ಆಮೇಲೆ ಯಾರಿಗಾಗಿ ಅಂತ ಬರೆಯಿರಿ. ‘ಸಮಾಜ’ ಬೇಡ, ಮುಖ ನೆನಪಿಗೆ ಬರುವ ಇಬ್ಬರು ಮೂವರು ಸಾಕು. ನನಗೆ ಬಂದದ್ದು ಆ ಅಕ್ಕ, ಮತ್ತೆ ಮೈಕ್ರೋಸ್ಕೋಪ್ ಮುಟ್ಟಲು ಹೆದರುವ ಮೊದಲ ವರ್ಷದ ಮಕ್ಕಳು.

ಕ್ರಿಯಾಪದದ ಮೇಲೆ ಕಣ್ಣಿಡಿ. ‘ಶ್ರಮಿಸುತ್ತೇನೆ’, ‘ಬದ್ಧಳಾಗಿದ್ದೇನೆ’ ಇವನ್ನು ಹೊಡೆದು ಹಾಕಿ. ಕೈಕಾಲು ಆಡುವ ಪದ ಬೇಕು: ಎಣಿಸು, ಅಳೆ, ತೋರಿಸು. ನನ್ನದು ಕೊನೆಗೆ ಹೀಗೆ ಬಂತು:

‘ಅಳಿವೆಯ ಮರುವಾಯಿಯನ್ನು ತಿಂಗಳಿಗೊಮ್ಮೆ ಎಣಿಸುತ್ತೇನೆ. ಸಿಕ್ಕಿದ ಲೆಕ್ಕವನ್ನು ಮೊದಲು ಮೀನುಗಾರ ಸಮುದಾಯಕ್ಕೆ ಹೇಳುತ್ತೇನೆ, ಆಮೇಲೆ ಜರ್ನಲ್‌ಗೆ ಕಳಿಸುತ್ತೇನೆ. ಪ್ರತಿ ವಿದ್ಯಾರ್ಥಿ ಒಮ್ಮೆಯಾದರೂ ಕೆಸರಿಗೆ ಇಳಿಯುವಂತೆ ಮಾಡುತ್ತೇನೆ. ಎಣಿಕೆಯ ದಿನ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳುವುದಿಲ್ಲ.’

ಕೊನೆಯ ಸಾಲಿಗೇ ಜಾಸ್ತಿ ಹೊತ್ತು ಹಿಡಿಯಿತು. ‘ಇಲ್ಲ’ ಅನ್ನುವ ಒಂದು ಸಾಲು ಇಲ್ಲದಿದ್ದರೆ ಉಳಿದ ಮೂರು ಸುಮ್ನೆ ಗೋಡೆಗೆ ಅಂಟಿಸಲಿಕ್ಕೆ ಅಷ್ಟೇ. ಅದನ್ನು ಬರೆದ ಮೇಲೆ ಎರಡು ಸಲ ನಿರೂಪಣೆ ಬೇಡ ಅಂದಿದ್ದೇನೆ. ಒಂದು ಸಲ ಹೇಳಲಾಗದೆ ಹೋಗಿ ಬಂದೆ. ವಿಭಾಗದ ಹೆಡ್ ಎದುರು ನಿಂತಾಗ ಧೈರ್ಯ ಬರಬೇಕಲ್ವಾ.

ಬಡ್ತಿಯ ಅರ್ಜಿಗೆ ಇದನ್ನು ಹಾಗೇ ಅಂಟಿಸಬೇಡಿ. ಅಲ್ಲಿ ಕೇಳುವುದು ಅಂಕ, ಅದರ ಭಾಷೆಯೇ ಬೇರೆ.

ಬರೆದದ್ದನ್ನು ನಿಮ್ಮ ವಿಭಾಗದ ಹೊರಗಿನ ಒಬ್ಬರಿಗೆ ಮನೆಮಾತಿನಲ್ಲಿ ಓದಿ ಹೇಳಿ. ನಾನು ಆ ಅಕ್ಕನಿಗೆ ತುಳುವಿನಲ್ಲಿ ಹೇಳಿದೆ. ಬುಟ್ಟಿ ಕೆಳಗಿಟ್ಟು ಕೇಳಿದರು. ಒಂದೇ ತಕರಾರು: “ನಾವು ಮೀನು ಹಿಡಿಯುವವರಲ್ಲ ಟೀಚರೇ, ಮರುವಾಯಿ ಹೆಕ್ಕುವವರು.”

ತಿದ್ದಿಕೊಂಡೆ.