ಒಮ್ಮೆ ಮಾಡಿದ ಟ್ರೇಸನ್ನು ಎಲ್ಲ ಯಂತ್ರಗಳಿಗೂ ಹಾಕುವ ನನ್ನ ಕ್ರಮ

ತುಮಕೂರಿನ ವಸಂತನರಸಾಪುರ, ಹಿರೇಹಳ್ಳಿ ಕಡೆ ಹಿಟ್ಟು, ಮಸಾಲೆ ತುಂಬುವ ಪೌಚ್ ಪ್ಯಾಕಿಂಗ್ ಯಂತ್ರಗಳಲ್ಲಿ ನಾನು ನೋಡಿಕೊಳ್ಳುವುದು ಹೆಚ್ಚಾಗಿ ಸೀಮೆನ್ಸ್ ಎಸ್‌7-1200 ಕಂಟ್ರೋಲರ್, ಅಂದರೆ ಯಂತ್ರವನ್ನು ನಡೆಸುವ ಪಿಎಲ್‌ಸಿ. ಹೆಸರಿಗೆ ಎಲ್ಲವೂ ಒಂದೇ ಮಾದರಿ. ಒಳಗಿನ ಪ್ರಾಜೆಕ್ಟನ್ನು ಮಾತ್ರ ಒಂದೊಂದು ಕಡೆ ಒಬ್ಬೊಬ್ಬರು ತಿದ್ದಿರುತ್ತಾರೆ. ಸೀಲಿಂಗ್ ಜಾ (ಪೌಚನ್ನು ಬಿಸಿಯಿಂದ ಒತ್ತಿ ಅಂಟಿಸುವ ದವಡೆ) ತಡವಾಗಿ ಮುಚ್ಚುವ ದೋಷ ಹಿಡಿಯಲು ಪ್ರತಿ ಸಲ ಟ್ರೇಸನ್ನು (ಸಿಗ್ನಲ್‌ಗಳನ್ನು ಕಾಲಕ್ಕೆ ತಕ್ಕಂತೆ ದಾಖಲಿಸಿ ಗ್ರಾಫ್ ತೋರಿಸುವ ಸೌಲಭ್ಯ) ಹೊಸದಾಗಿ ಕಟ್ಟುವುದು ವ್ಯರ್ಥ ಕೆಲಸ.

ಟ್ರೇಸ್ ಫೈಲ್ ವೇರಿಯಬಲ್‌ಗಳನ್ನು ಹೆಸರಿನಿಂದಲೇ ಹುಡುಕುತ್ತದೆ. ಹೆಸರು ಸಿಗದಿದ್ದರೆ ಆ ಸಾಲು ತಪ್ಪೆಂದು ಕಾಣುತ್ತದೆ, ಸರಿಪಡಿಸಿದರಾಯಿತು. ಹೆಸರು ಅದೇ ಇದ್ದು ಅರ್ಥ ಬೇರೆಯಾಗಿದ್ದಾಗಲೇ ಕಷ್ಟ. ಒಂದು ಯಂತ್ರದಲ್ಲಿ ತಾಪಮಾನ 165.0 ಎಂದು ರಿಯಲ್‌ನಲ್ಲಿ (ದಶಮಾಂಶ ಸಂಖ್ಯೆ) ಇರುತ್ತದೆ, ಇನ್ನೊಂದರಲ್ಲಿ 1650 ಎಂದು ಇಂಟ್‌ನಲ್ಲಿ (ಪೂರ್ಣಾಂಕ). ಗ್ರಾಫ್ ಬರುತ್ತದೆ, ನೋಡಿದವರು ಮೋಸಹೋಗುತ್ತಾರೆ.

ಹಾಗಾಗಿ ಟ್ರೇಸ್‌ಗೆಂದೇ ಒಂದು ಗ್ಲೋಬಲ್ ಡೇಟಾ ಬ್ಲಾಕ್ (ಪ್ರೋಗ್ರಾಂನ ಎಲ್ಲ ಭಾಗಗಳಿಗೂ ಸಿಗುವ ವೇರಿಯಬಲ್‌ಗಳ ಗುಂಪು) ಇಡುತ್ತೇನೆ. ಅದರಲ್ಲಿ ಜಾ ಮುಚ್ಚುವ ಕಮಾಂಡ್, ಜಾ ಎಲ್ಲಿದೆ ಎಂದು ತಿಳಿಸುವ ಎರಡು ರೀಡ್ ಸ್ವಿಚ್, ದೋಷದ ಬಿಟ್ ಹೀಗೆ 4 ಬೂಲ್ (ಹೌದು/ಇಲ್ಲ ಮೌಲ್ಯ). ನಿಗದಿತ ತಾಪಮಾನ, ನಿಜವಾದ ತಾಪಮಾನ ಹೀಗೆ 2 ರಿಯಲ್. ಆ ಯಂತ್ರದ ಸ್ವಂತ ವೇರಿಯಬಲ್‌ಗಳನ್ನು ಇದಕ್ಕೆ ತುಂಬುವ ಚಿಕ್ಕ ಫಂಕ್ಷನ್ ಓಬಿ 30ರ (ನಿಗದಿತ ಅಂತರಕ್ಕೊಮ್ಮೆ ಓಡುವ ಪ್ರೋಗ್ರಾಂ ಬ್ಲಾಕ್) ಕೊನೆಯಲ್ಲಿ ಓಡುತ್ತದೆ. ಸ್ಕೇಲಿಂಗ್ ಬದಲಾವಣೆ ಏನಿದ್ದರೂ ಈ ಫಂಕ್ಷನ್‌ನಲ್ಲೇ ಮುಗಿಯಬೇಕು, ಟ್ರೇಸ್ ಫೈಲಿಗೆ ಕೈ ಹಾಕಬಾರದು. ಬ್ಲಾಕ್ ಮತ್ತು ಫಂಕ್ಷನ್ ಡೌನ್‌ಲೋಡ್ ಮಾಡಲು ಯಂತ್ರ ತೊಳೆಯುವ ಹೊತ್ತು ಒಳ್ಳೆಯದು. ಟ್ರೇಸ್ ಮಾತ್ರ ಯಂತ್ರ ಓಡುತ್ತಿರುವಾಗಲೂ ಹೋಗುತ್ತದೆ.

ಎಕ್ಸ್‌ಪೋರ್ಟ್ ಸುಲಭ. ಸೀಮೆನ್ಸ್‌ನ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನ ಪ್ರಾಜೆಕ್ಟ್ ಟ್ರೀಯಲ್ಲಿ ಟ್ರೇಸಸ್ ಫೋಲ್ಡರ್ ತೆರೆದು, ಕಾನ್ಫಿಗರೇಷನ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟರೆ ಟಿಟಿಸಿಎಫ್‌ಜಿಎಕ್ಸ್ ಫೈಲ್ ಬರುತ್ತದೆ. ಇನ್ನೊಂದು ಪ್ರಾಜೆಕ್ಟ್‌ನಲ್ಲಿ ಅದೇ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಇಂಪೋರ್ಟ್. ಆಮೇಲೆ ಆನ್‌ಲೈನ್ ಹೋಗಿ ಕಂಟ್ರೋಲರ್‌ಗೆ ಕಳಿಸಿ, ರೆಕಾರ್ಡಿಂಗ್ ಆ್ಯಕ್ಟಿವೇಟ್ ಮಾಡಬೇಕು. ಕಳಿಸಿದ ಮಾತ್ರಕ್ಕೆ ಅಳತೆ ಶುರುವಾಗುವುದಿಲ್ಲ, ಇದನ್ನು ಮರೆಯುವವರು ಬಹಳ.

ಇಂಪೋರ್ಟ್ ಆದ ಮೇಲೆ ಕಣ್ಣಿಟ್ಟು ನೋಡಬೇಕಾದದ್ದು ರೆಕಾರ್ಡಿಂಗ್ ಕಂಡೀಷನ್ಸ್, ಅಂದರೆ ಯಾವ ಓಬಿಯ ಲಯಕ್ಕೆ, ಯಾವ ಷರತ್ತಿಗೆ ದಾಖಲಿಸಬೇಕೆಂಬುದು. ಫೈಲಿನಲ್ಲಿ ಓಬಿ 30 ಎಂದಿರುತ್ತದೆ, ಆದರೆ ಈ ಯಂತ್ರದ ಓಬಿ 30 ಓಡುವುದು 10 ಮಿಲಿಸೆಕೆಂಡಿಗೋ 100ಕ್ಕೋ? ಆ ಓಬಿಯೇ ಇಲ್ಲದ ಪ್ರಾಜೆಕ್ಟ್‌ಗಳೂ ಉಂಟು. ಬೇಸರಪಟ್ಟು ಓಬಿ 1ಕ್ಕೆ (ಸತತವಾಗಿ ಸುತ್ತುವ ಮುಖ್ಯ ಪ್ರೋಗ್ರಾಂ) ಬದಲಾಯಿಸಬೇಡಿ. ಅದರ ಸ್ಕ್ಯಾನ್ ಸಮಯ ಏರಿಳಿಯುವುದರಿಂದ ಸ್ಯಾಂಪಲ್‌ಗಳ ನಡುವಿನ ಅಂತರವೂ ಏರಿಳಿಯುತ್ತದೆ. ಓಬಿ 30ರಲ್ಲಿ ಇನ್ನೊಂದು ತೊಡಕು: ಇನ್‌ಪುಟ್‌ಗಳ ಪ್ರೋಸೆಸ್ ಇಮೇಜ್ (ಕಂಟ್ರೋಲರ್ ಮೆಮೊರಿಯಲ್ಲಿರುವ ಇನ್‌ಪುಟ್‌ಗಳ ನಕಲು) ಮಾಮೂಲಿಯಾಗಿ ತಾಜಾ ಆಗುವುದು ಓಬಿ 1ರ ಚಕ್ರಕ್ಕೆ. ರೀಡ್ ಸ್ವಿಚ್‌ನ ನಿಜವಾದ ಕ್ಷಣ ಬೇಕಿದ್ದರೆ ಫಂಕ್ಷನ್‌ನಲ್ಲಿ ಇನ್‌ಪುಟ್ ಹೆಸರಿನ ಕೊನೆಗೆ ಕೋಲನ್-ಪಿ (:P) ಹಾಕಿ ನೇರವಾಗಿ ಓದಿ. ಡಿಜಿಟಲ್ ಇನ್‌ಪುಟ್‌ನ ಫಿಲ್ಟರ್ ಫ್ಯಾಕ್ಟರಿಯಿಂದ ಬರುವಾಗ 6.4 ಮಿಲಿಸೆಕೆಂಡ್, ಅದಕ್ಕಿಂತ ಚಿಕ್ಕ ಪಲ್ಸ್ ಯಾವ ಟ್ರೇಸ್‌ನಲ್ಲೂ ಕಾಣದು.

ಟ್ರಿಗರ್‌ನಲ್ಲಿ (ಯಾವ ಕ್ಷಣದ ಸುತ್ತ ದಾಖಲಿಸಬೇಕೆಂಬ ಷರತ್ತು) ಸಂಖ್ಯೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. 'ತಾಪಮಾನ 160ಕ್ಕಿಂತ ಕೆಳಗೆ' ಎಂಬ ಷರತ್ತು ಬೇರೆ ಫಿಲ್ಮ್ ಓಡಿಸುವ ಯಂತ್ರದಲ್ಲಿ ಎಂದೂ ಹತ್ತದಿರಬಹುದು, ಇಲ್ಲವೇ ಕೂಡಲೇ ಹತ್ತಬಹುದು. ಮಿತಿ ಪ್ರೋಗ್ರಾಂನಲ್ಲಿರಲಿ, ಟ್ರಿಗರ್ ದೋಷದ ಬಿಟ್‌ನ ರೈಸಿಂಗ್ ಎಡ್ಜ್ (0ಯಿಂದ 1ಕ್ಕೆ ಏರುವ ಕ್ಷಣ) ಮಾತ್ರ. ಕಾರಣ ದೋಷಕ್ಕಿಂತ ಮುಂಚೆಯೇ ನಡೆದಿರುತ್ತದೆಯಾದ್ದರಿಂದ ಪ್ರೀ-ಟ್ರಿಗರ್‌ಗೆ (ಟ್ರಿಗರ್‌ಗೆ ಮುಂಚಿನ ದಾಖಲೆಗೆ) ಒಟ್ಟು ಸ್ಯಾಂಪಲ್‌ಗಳ ಮುಕ್ಕಾಲು ಪಾಲು ಕೊಡುತ್ತೇನೆ.

ಒಂದು ಟ್ರೇಸ್‌ಗೆ 16 ಸಿಗ್ನಲ್, 512 ಕೆಬಿ ಮಿತಿ. 1200ರಲ್ಲಿ ಒಟ್ಟು 2 ಟ್ರೇಸ್. ಮೇಲಿನ ಆರು ಸಿಗ್ನಲ್‌ಗೆ 12 ಬೈಟ್, ಟೈಮ್‌ಸ್ಟ್ಯಾಂಪ್‌ಗೆ 8, ಸ್ಯಾಂಪಲ್‌ಗೆ ಒಟ್ಟು 20 ಬೈಟ್. 10 ಮಿಲಿಸೆಕೆಂಡಿನ ಲೆಕ್ಕದಲ್ಲಿ ನಾಲ್ಕು ನಿಮಿಷ ಚಿಲ್ಲರೆ ಹಿಡಿಸುತ್ತದೆ, ಜಾ ದೋಷಕ್ಕೆ ಅಷ್ಟು ಧಾರಾಳ. ಮೆಮೊರಿ ಕಾರ್ಡಿಗೆ ಉಳಿಸುವ ಆಯ್ಕೆಯನ್ನು ರಾತ್ರಿ ಪಾಳಿಯ ಅಪರೂಪದ ದೋಷಕ್ಕೆ ಮಾತ್ರ ಬಳಸಿ. ಪದೇ ಪದೇ ಬರೆದರೆ ಕಾರ್ಡ್ ಸವೆಯುತ್ತದೆ.

ಲ್ಯಾಪ್‌ಟಾಪಿನಲ್ಲಿ ಫೈಲ್ ಇಲ್ಲದಿದ್ದರೂ ಕಂಟ್ರೋಲರ್‌ನಲ್ಲಿ ಟ್ರೇಸ್ ಇದ್ದರೆ ಅದನ್ನು ಪ್ರಾಜೆಕ್ಟ್‌ಗೆ ವಾಪಸ್ ಎಳೆದುಕೊಳ್ಳಬಹುದು. ಅಳತೆಯ ಟಿಟಿಆರ್‌ಇಸಿಎಕ್ಸ್ ಫೈಲ್ ಬೇರೆ, ಅದನ್ನು ಕಾನ್ಫಿಗರೇಷನ್ ಎಂದು ಕಳಿಸಬೇಡಿ. ಹೊಸ ಆವೃತ್ತಿಯಿಂದ ತೆಗೆದದ್ದು ಹಳೆಯದರಲ್ಲಿ ತೆರೆಯುತ್ತದೆಂದು ನಂಬಿ ಹೊರಡುವುದೂ ಬೇಡ. ನನ್ನ ಫೈಲ್ ಹೆಸರಿನಲ್ಲಿ ಯಂತ್ರದ ಮಾದರಿ, ಪೋರ್ಟಲ್ ಆವೃತ್ತಿ, ಓಬಿ ಸಮಯ ಮೂರೂ ಇರುತ್ತವೆ: ಪೌಚ್_ಜಾ_ವಿ16_10ಎಂಎಸ್.