ಸಂಡಿಗೆ ಬೂದುಬಣ್ಣಕ್ಕೆ ತಿರುಗಿದಾಗ

ಮಗ ಹೊಸ ಕ್ಯಾಮೆರಾ ಕೊಂಡ ಮೇಲೆ ಹಳೆಯದು ಬೀರುವಿನ ಮೂಲೆ ಸೇರಿತ್ತು. ಅದಕ್ಕಿದ್ದದ್ದು ಜೊತೆಯಲ್ಲೇ ಬಂದಿದ್ದ 18-55 ಎಂಎಂ ಲೆನ್ಸ್ ಒಂದೇ. ನಿವೃತ್ತಿಯಾದ ವರ್ಷ ಅದನ್ನು ಹೊರತೆಗೆದೆ. ಫೆಬ್ರವರಿಯಲ್ಲಿ ಎಲ್ಲರಂತೆ ನಾನೂ ಕಬ್ಬನ್ ಪಾರ್ಕಿಗೆ ಹೋಗಿ ಟಬೂಬಿಯಾ ಮರಗಳ ಗುಲಾಬಿ ಹೂಗಳ ಮುನ್ನೂರು ಫೋಟೋ ತೆಗೆದುಕೊಂಡು ಬಂದೆ. ಮನೆಯಲ್ಲಿ ಕುಳಿತು ನೋಡಿದರೆ ಎಲ್ಲವೂ ಎಲ್ಲೋ ಕ್ಯಾಲೆಂಡರಿನಲ್ಲಿ ಕಂಡಂತಿದ್ದವು. ನನ್ನದು ಎನ್ನುವಂಥದ್ದು ಒಂದೂ ಇರಲಿಲ್ಲ.

ಶಿವರಾತ್ರಿ ಕಳೆಯಿತೆಂದರೆ ಬಸವನಗುಡಿಯ ನಮ್ಮ ಮನೆಯ ತಾರಸಿ ಅತ್ತೆಯವರ ವಶ. ಹಳೆಯ ಬಿಳಿ ಪಂಚೆ ಹಾಸಿ, ಒರಳಿನಲ್ಲಿ ಒತ್ತಿದ ಅಕ್ಕಿ ಸಂಡಿಗೆ ಹಾಕುತ್ತಾರೆ. ಕಾಗೆ ಕಾಯುವ ಕೆಲಸ ನನ್ನದು. ಸುಮ್ಮನೆ ಕೂರಲಾರದೆ ಕ್ಯಾಮೆರಾ ತಂದೆ. ಬಿಳಿ ಪಂಚೆ, ಬಿಳಿ ಸಂಡಿಗೆ, ನೆತ್ತಿಯ ಮೇಲೆ ಸೂರ್ಯ. ಆದರೆ ಚಿತ್ರದಲ್ಲಿ ಎಲ್ಲವೂ ಬೂದು. ಕ್ಯಾಮೆರಾ ಕೆಟ್ಟಿದೆ ಎಂದೇ ತಿಳಿದೆ.

ಕೆಟ್ಟಿರಲಿಲ್ಲ. ಎದುರಿಗೆ ಏನೇ ಇದ್ದರೂ ಸರಾಸರಿಯಲ್ಲಿ ಅದು ನಡುಬೂದು ಬಣ್ಣದ್ದು ಎಂದುಕೊಂಡು ಕ್ಯಾಮೆರಾ ಬೆಳಕನ್ನು ಅಳೆಯುತ್ತದೆ. ಹಾಗಾಗಿ ಬಿಳಿ ಮಂಕಾಗುತ್ತದೆ, ಕಪ್ಪು ಕಾಗೆಯೂ ಬೂದಾಗುತ್ತದೆ. ಬಿಳಿಗೆ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಒದಗುವ ಬೆಳಕನ್ನು, ಒಂದು ಸ್ಟಾಪಿನಷ್ಟು (ಎರಡರಷ್ಟಕ್ಕೆ) ಏರಿಸಬೇಕು, ಕಪ್ಪಿಗೆ ಇಳಿಸಬೇಕು. ಮೊಬೈಲಿನಲ್ಲೂ ಅಷ್ಟೇ: ಪರದೆಯನ್ನು ಮುಟ್ಟಿದಾಗ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೋ ಕೆಳಕ್ಕೋ ಎಳೆದರಾಯಿತು.

ಮಧ್ಯಾಹ್ನದ ಬಿಸಿಲು ಸಂಡಿಗೆಗೆ ಒಳ್ಳೆಯದು, ಫೋಟೋಗಲ್ಲ. ಬೆಳಿಗ್ಗೆ ಏಳೂವರೆಯ ಓರೆ ಬಿಸಿಲಿನಲ್ಲಿ ಒಂದೊಂದು ಎಳೆಯ ಪಕ್ಕದಲ್ಲೂ ದಾರದಂಥ ನೆರಳು ಬೀಳುತ್ತದೆ. ಎರಡನೆಯ ದಿನ, ಅರ್ಧ ಒಣಗಿತೇ ಎಂದು ನೋಡಲು ಅತ್ತೆ ಒಂದನ್ನು ಸೂರ್ಯನಿಗೆ ಅಡ್ಡ ಹಿಡಿದರು. ಅಂಚು ಗಾಜಿನಂತೆ ಹೊಳೆಯುತ್ತಿತ್ತು, ಹಸಿಯಾಗಿದ್ದ ನಡುಭಾಗ ಹಾಲಿನಂತಿತ್ತು. ಅದರ ಹಿಂದೆ ಅವರ ಬೆರಳುಗಳು ಕೆಂಪಗೆ ಕಾಣುತ್ತಿದ್ದವು. "ಹಾಗೇ ಇರಿ ಅಮ್ಮಾ" ಎಂದೆ. "ನೀನು ಫೋಟೋ ಮುಗಿಸುವಷ್ಟರಲ್ಲಿ ಕಾಗೆ ಪಂಚೆಯನ್ನೇ ಮುಗಿಸಿರುತ್ತದೆ" ಎಂದರೂ ಕೈ ಕದಲಿಸಲಿಲ್ಲ.

ಅಲ್ಲಿಂದ ಮುಂದೆ ನಾನು ಕಾಂಪೌಂಡು ದಾಟಿದ್ದು ಕಡಿಮೆ. ಗೇಟಿನೆದುರು ಗಸಗಸೆ ಹಣ್ಣಿನ ಮರವಿದೆ. ಹೆಬ್ಬೆರಳಿನಷ್ಟಿರುವ ಬದನಿಕೆ ಹಕ್ಕಿಗಳು ಹಣ್ಣಿಗೆ ಬರುತ್ತವೆ, ಆದರೆ ದೂರದ್ದನ್ನು ಹತ್ತಿರ ತಾರದ ನನ್ನ ಲೆನ್ಸಿಗೆ ಅವು ಬರಿಯ ಚುಕ್ಕೆ. ಈ ಊರಿನವರೇ ಆಗಿದ್ದ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ಹಕ್ಕಿಗಳ ಚಿತ್ರ ನೋಡಿದವರಿಗೆ ಅಂಥ ಚುಕ್ಕೆ ತೋರಿಸಲು ನಾಚಿಕೆಯಾಗುತ್ತದೆ. ಹಕ್ಕಿ ಬಿಟ್ಟೆ, ಅದು ಕುಕ್ಕಿ ಬೀಳಿಸಿದ ಹಣ್ಣು ಪಕ್ಕದ ಮನೆಯವರ ಸ್ಕೂಟರ್ ಸೀಟಿನ ಮೇಲೆ ಬಿದ್ದಿರುತ್ತದಲ್ಲ, ಅದನ್ನು ಹಿಡಿದೆ.

ಮಳೆಗಾಲದಲ್ಲಿ ಕಣಗಿಲೆ ಗಿಡದಲ್ಲಿ ಸಿಗ್ನೇಚರ್ ಜೇಡವೊಂದು ಮನೆಮಾಡಿತು. ಬಲೆಯ ನಟ್ಟನಡುವೆ ತಲೆಕೆಳಗಾಗಿ, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಚಿಹ್ನೆಯಂತೆ ಕುಳಿತಿರುತ್ತದೆ. ಪುಟ್ಟದ್ದನ್ನು ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಮ್ಯಾಕ್ರೋ ಲೆನ್ಸಿಗೆ ದುಡ್ಡು ಸುರಿಯುವ ಮನಸ್ಸಿರಲಿಲ್ಲ. ಇರುವ ಲೆನ್ಸನ್ನೇ ಕಳಚಿ, ಹಿಂದುಮುಂದು ತಿರುಗಿಸಿ, ಕ್ಯಾಮೆರಾದ ಬಾಯಿಗೆ ಕೈಯಿಂದಲೇ ಒತ್ತಿ ಹಿಡಿದೆ. ಹಾಗೆ ತಿರುಗಿಸಿದರೆ ಅದೇ ಲೆನ್ಸ್ ಭೂತಗನ್ನಡಿಯಂತಾಗುತ್ತದೆ, ಆದರೆ ಫೋಕಸ್ ಮಾಡಲು ನಾವೇ ಹಿಂದಕ್ಕೂ ಮುಂದಕ್ಕೂ ವಾಲಬೇಕು. ಸ್ಪಷ್ಟವಾಗಿ ಕಾಣುವ ಆಳ ಕೂದಲೆಳೆಯಷ್ಟು. ಉಸಿರು ಬಿಟ್ಟರೂ ಜೇಡ ಮಸುಕು. ಅರವತ್ತು ಫೋಟೋಗಳಲ್ಲಿ ಒಂದು ನೆಟ್ಟಗೆ ಬಂತು. ಆ ಸಂದಿಯಲ್ಲಿ ಒಳಗೆ ಧೂಳು ಹೊಕ್ಕು, ಮುಂದಿನ ಎರಡು ತಿಂಗಳ ಚಿತ್ರಗಳಲ್ಲೆಲ್ಲ ಆಕಾಶಕ್ಕೊಂದು ಕಪ್ಪು ಬೊಟ್ಟು. ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಅಗ್ಗದ ರಿವರ್ಸ್ ರಿಂಗ್ ಒಂದನ್ನು ಮೊದಲೇ ಕೊಳ್ಳಬಹುದಿತ್ತು. ಆದರೆ ನೆಟ್ಟಗೆ ಬಂದ ಆ ಒಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಮೂಲೆಯಲ್ಲಿ ಇನ್ನೊಂದು ಜೇಡ ಕಂಡಿತು: ಕಂದು ಬಣ್ಣದ ಪುಟಾಣಿ ಗಂಡು. ವಾರವಿಡೀ ಎದುರಿಗೇ ಕುಕ್ಕರುಗಾಲಿನಲ್ಲಿ ಕುಳಿತಿದ್ದ ನನಗೆ ಅದು ಕಂಡೇ ಇರಲಿಲ್ಲ.

ದೀಪಾವಳಿಗೆ ಸಂಡಿಗೆಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. "ಆ ಸಲದ ಹಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು" ಎಂದರು.