ಮೋಟರ್ ಗೇಟಿನಲ್ಲಿ ಯಾರೂ ಸಿಲುಕದಂತೆ ನೋಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಬಡಾವಣೆಗಳಲ್ಲಿ ಮನೆಯ ಸ್ಲೈಡಿಂಗ್ ಗೇಟಿಗೆ ಮೋಟರ್ ಕೂರಿಸುವುದು ಸಾಮಾನ್ಯವಾಗಿದೆ. ನಾನು ನೋಡಿದ ಹೆಚ್ಚಿನ ಕಡೆ ಒಂದು ಜೊತೆ ಫೋಟೊಸೆಲ್ (ಅಡ್ಡ ಬಂದದ್ದನ್ನು ಬೆಳಕಿನ ಕಿರಣದಿಂದ ಗುರುತಿಸುವ ಸಾಧನ) ಹಾಕಿ ಸುರಕ್ಷತೆಯ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡಿರುತ್ತಾರೆ. ಫೋಟೊಸೆಲ್ ಕಾಯುವುದು ಒಂದೇ ಎತ್ತರದ ಒಂದೇ ಗೆರೆಯನ್ನು. ಗ್ರಿಲ್ ಹತ್ತಿ ನಿಂತ ಮಗು ಅದಕ್ಕೆ ಕಾಣುವುದಿಲ್ಲ. 2010ರಲ್ಲಿ ಬ್ರಿಟನ್ನಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಬಾಲಕಿಯರು ವಿದ್ಯುತ್ ಗೇಟುಗಳಲ್ಲಿ ಸಿಲುಕಿ ಸತ್ತಾಗ, ಗೇಟಿನ ಒತ್ತುವ ಬಲವನ್ನು ತಗ್ಗಿಸಿದರಷ್ಟೇ ಸಾಲದೆಂದು ಅಲ್ಲಿನ ಸುರಕ್ಷತಾ ಇಲಾಖೆಯೂ ಎಚ್ಚರಿಸಿತು.

ಮೊದಲು ಮೇನ್ ಸ್ವಿಚ್ ಆರಿಸಿ, ಬ್ಯಾಟರಿ ಇದ್ದರೆ ಅದನ್ನೂ ಬೇರ್ಪಡಿಸಿ, ಗೇಟನ್ನು ಮೋಟರಿನ ಹಿಡಿತದಿಂದ ಬಿಡಿಸುವ ಕೀಲಿಯಿಂದ ಮೋಟರ್ ಬಿಡಿಸಿ ಗೇಟನ್ನು ಕೈಯಲ್ಲಿ ತಳ್ಳಿ ನೋಡಿ. ಬಿಗಿಯಾಗಿದ್ದರೆ ಹಳಿಯ ಮಣ್ಣು ತೆಗೆಸಿ, ಸವೆದ ಚಕ್ರ ಬದಲಿಸಿ. ಮಳೆಗಾಲದಲ್ಲಿ ಗೇಟ್ ತಡೆಯುತ್ತದೆಂದು ಮೋಟರಿನ ಬಲ ಹೆಚ್ಚಿಸಿ ಹೋಗುವ ಮೆಕ್ಯಾನಿಕ್‌ಗೆ ಒಪ್ಪಲೇಬೇಡಿ: ಹಳಿಯಲ್ಲಿ ಸಿಕ್ಕ ಕಲ್ಲನ್ನು ಮೀರಿ ಓಡುವ ಗೇಟ್, ಸಿಕ್ಕ ಕೈಯನ್ನೂ ಮೀರಿ ಓಡುತ್ತದೆ. ಹಳಿಯ ಎರಡೂ ತುದಿಯಲ್ಲಿ ಗಟ್ಟಿ ಸ್ಟಾಪರ್ ಇರಲಿ. ಇಲ್ಲದಿದ್ದರೆ ಗೇಟ್ ತನ್ನನ್ನು ನೆಟ್ಟಗೆ ಹಿಡಿದಿಡುವ ಗೈಡ್ ತಪ್ಪಿ ಮೈಮೇಲೆ ಬೀಳಬಹುದು.

ಬಹಳಷ್ಟು ಜನ ತಪ್ಪುವುದು ಇದರ ನಂತರದ ಹಂತದಲ್ಲಿ. ಗೇಟ್ ಮುಚ್ಚುವಾಗಿನ ಅಪಾಯ ಎಲ್ಲರಿಗೂ ಗೊತ್ತು, ತೆರೆಯುವಾಗಿನದು ಗೊತ್ತಿಲ್ಲ. ತೆರೆಯುವ ಗೇಟ್ ಕಾಂಪೌಂಡ್ ಗೋಡೆಗೆ ಆತುಕೊಂಡಂತೆ ಹಿಂದಕ್ಕೆ ಸರಿಯುತ್ತದೆ. ಆಗ ಗ್ರಿಲ್ಲಿನ ಸಂದಿಯಲ್ಲಿ ತೂರಿದ ಕೈಯನ್ನು ಚಲಿಸುವ ಸರಳು ಮತ್ತು ನಿಂತ ಕಂಬ ಕತ್ತರಿಯಂತೆ ಹಿಡಿಯುತ್ತವೆ. ಒಳಗಿನ ಚಿಲಕಕ್ಕೆ ಹೊರಗಿನಿಂದ ಕೈಹಾಕುವ ಅಭ್ಯಾಸವಿರುವ ಮನೆಗಳಲ್ಲಿ ಈ ಅಪಾಯ ದಿನನಿತ್ಯದ್ದು. ಆದ್ದರಿಂದ ಗೇಟಿನ ಪೂರ್ತಿ ಉದ್ದಕ್ಕೆ, ನೆಲದಿಂದ ಆರು ಅಡಿಯವರೆಗೆ ಜಾಲರಿ ಅಥವಾ ತಗಡು ಬೆಸೆಸಿ. ಅಮೆರಿಕದ ಮಾನದಂಡದಂತೆ ಎರಡೂಕಾಲು ಇಂಚಿನ ಗೋಳ ತೂರದಿದ್ದರೆ ಸಾಕು. ಆದರೆ ಮಗುವಿನ ಅಂಗೈ ಅದಕ್ಕಿಂತ ಚಿಕ್ಕ ಸಂದಿಯಲ್ಲೂ ತೂರುವುದರಿಂದ, ಬೆರಳೂ ಹೋಗದ ಸಣ್ಣ ಕಣ್ಣಿನ ಜಾಲರಿಯನ್ನೇ ಹಾಕಿಸಬೇಕು. ಗೇಟ್ ಪೂರ್ತಿ ತೆರೆದಾಗ ಅದರ ಹಿಂತುದಿ ಬಂದು ನಿಲ್ಲುವ ಮೂಲೆಗೂ ಮಕ್ಕಳು ನುಗ್ಗದಂತೆ ಬೇಲಿ ಹಾಕಿಸಿ. 30×40 ನಿವೇಶನದಲ್ಲಿ ಸೈಕಲ್ಲು, ಹೂಕುಂಡ ಇಡುವುದು ಆ ಮೂಲೆಯಲ್ಲೇ. ಮೋಟರಿನ ಹಲ್ಲುಚಕ್ರಕ್ಕೆ ಮುಚ್ಚಳವಿಲ್ಲದಿದ್ದರೆ ಗೇಟನ್ನು ಓಡಿಸಬೇಡಿ.

ಅದಾದ ಮೇಲೆ ಸೆನ್ಸರ್‌ಗಳು. ಸಿಲುಕಬಹುದಾದ ಪ್ರತಿ ಜಾಗಕ್ಕೂ ಒಂದನ್ನೊಂದು ಅವಲಂಬಿಸದ ಎರಡು ರಕ್ಷಣೆಗಳಿರಬೇಕೆಂದು ಅಮೆರಿಕದ ಯುಎಲ್ 325 ಮಾನದಂಡ 2016ರಿಂದ ವಿಧಿಸಿದೆ; ಇಲ್ಲಿಯೂ ಅದನ್ನೇ ಪಾಲಿಸಿ. ಫೋಟೊಸೆಲ್ ಜೊತೆಗೆ ಗೇಟಿನ ಮುಂತುದಿಗೂ, ಗೇಟ್ ಹಾದುಹೋಗುವ ಕಂಬಕ್ಕೂ, ಒತ್ತಿದೊಡನೆ ಮೋಟರನ್ನು ಹಿಂದಿರುಗಿಸುವ ರಬ್ಬರ್ ಸೇಫ್ಟಿ ಎಡ್ಜ್ ಕೂರಿಸಿ. ಅದರ ಹೆಸರಲ್ಲಿ ಬರಿಯ ರಬ್ಬರ್ ಪಟ್ಟಿ ಅಂಟಿಸುವವರೂ ಇದ್ದಾರೆ; ಒಳಗಿನಿಂದ ಕಂಟ್ರೋಲ್ ಬೋರ್ಡಿಗೆ ವೈರ್ ಹೋಗಿದೆಯೇ ಎಂದು ನೀವೇ ನೋಡಿ. ಕೆಟ್ಟ ಫೋಟೊಸೆಲ್ಲಿಗೆ ಬದಲಾಗಿ ಬೋರ್ಡಿನಲ್ಲಿ ತುಂಡು ವೈರ್ ಜೋಡಿಸಿ ಗೇಟ್ ಓಡಿಸುವುದು ಅಕ್ಷಮ್ಯ. ಹೊಸದು ಬರುವವರೆಗೆ ಕೈಯಲ್ಲೇ ತಳ್ಳಿ.

ತಿಂಗಳಿಗೊಮ್ಮೆ ಚಲಿಸುವ ಗೇಟಿಗೆ ಮರದ ತುಂಡು ಅಡ್ಡ ಹಿಡಿದು, ಮುಚ್ಚುವಾಗಲೂ ತೆರೆಯುವಾಗಲೂ ಅದು ತಾಗಿದೊಡನೆ ನಿಂತು ಹಿಂದೆ ಸರಿಯುತ್ತದೆಯೇ ಎಂದು ಪರೀಕ್ಷಿಸಿ. ಕೈಕಾಲು ಅಡ್ಡವಿಟ್ಟು ಪರೀಕ್ಷಿಸಬಾರದು. ಒತ್ತುವ ಬಲ ಎಷ್ಟಿದೆಯೆಂದು ವರ್ಷಕ್ಕೊಮ್ಮೆ ಅಳತೆಯ ಉಪಕರಣವಿರುವವರಿಂದಲೇ ತಿಳಿಯಿರಿ. ಗೇಟಿನ ಸ್ವಿಚ್ ಗೇಟಿನಿಂದ ಕನಿಷ್ಠ ಆರು ಅಡಿ ದೂರದಲ್ಲಿ, ಗೇಟ್ ಕಾಣುವ ಜಾಗದಲ್ಲಿರಲಿ. ನಡೆದು ಬರುವವರಿಗೆ ಬೇರೆ ಚಿಕ್ಕ ಗೇಟ್ ಇರಲಿ. ರಿಮೋಟ್ ಮಕ್ಕಳ ಕೈಗೆ ಸಿಗಬಾರದು.

ಬಿಡಿಸುವ ಕೀಲಿಯ ಜಾಗ ಮನೆಯವರಿಗೆಲ್ಲ, ವಾಚ್‌ಮನ್‌ಗೂ ಗೊತ್ತಿರಲಿ. ಯಾರಾದರೂ ಸಿಲುಕಿದರೆ ರಿಮೋಟ್ ಒತ್ತಬೇಡಿ, ಗೇಟ್ ಇನ್ನಷ್ಟು ಬಿಗಿಯುವ ಕಡೆಗೇ ಚಲಿಸಬಹುದು. ವಿದ್ಯುತ್ ಆರಿಸಿ, ಕೀಲಿಯಿಂದ ಮೋಟರ್ ಬಿಡಿಸಿ, ಗೇಟನ್ನು ಬಂದ ದಾರಿಯಲ್ಲೇ ಕೈಯಿಂದ ಹಿಂದಕ್ಕೆ ತಳ್ಳಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.